ತಾರಸಿಯ ಎರಡು ಕಳ್ಳಿಗಳು

ಗೋಣು ಹಾಕಿದ್ದು ತಪ್ಪಾಯಿತೇನೋ ಎಂಬ ಅಳುಕು ಸೌಮ್ಯಾಳನ್ನು ಬೆಳಗಿನಿಂದ ಕೊರೆಯುತ್ತಿತ್ತು. "ಮಾಲಿ ಹುಚ್ಚಪ್ಪ, ಪಾಲ್ ಅವರ ಜೋಡಿ ಜಗಳಾ ಮಾಡಿದ್ದು ಖರೇ ಏನು?" ಎಂದು ಇನ್‌ಸ್ಪೆಕ್ಟರ್ ಬಸವಕಿರಣ ಕೇಳಿದಾಗ ಅವಳು ಹೌದೆಂದು ಗೋಣು ಹಾಕಿಬಿಟ್ಟಿದ್ದಳು. ನೀರು ಹೆಚ್ಚು ಹಾಕಿದನೆಂದು ಗಿಡದ ಹುಚ್ಚಿನ ಮುದುಕ ಪಾಲ್ ಅವನಿಗೆ ದಿನಾ ಬೈಯುತ್ತಿದ್ದರು, ಅದು ಜಗಳವೇ ಅಲ್ಲ ಎಂದು ದಿನಚರಿಗೆ ಹೇಳಿದಳೇ ಹೊರತು ಮನುಷ್ಯರಿಗೆ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಲೀಸರ ಹೊಡೆತಕ್ಕೆ ಹುಚ್ಚಪ್ಪನ ತುಟಿ ಸೀಳಿತ್ತು, ಎರಡು ಹಲ್ಲು ಉದುರಿದ್ದವು.

ಮಾಳಮಡ್ಡಿಯ ಪಾಲ್ ಅವರ ಮನೆಯ ತಾರಸಿಯಲ್ಲಿ, ನೀರಿನ ಟಾಕಿಯ ಪಕ್ಕ, ಯಾರೋ ಅವರ ತಲೆಯನ್ನು ಹುಚ್ಚಪ್ಪನ ಹಾರೆಯಿಂದಲೇ ಜಜ್ಜಿದ್ದರು. ರಕ್ತ ಕೊಳವೆಯಿಂದ ಅಂಗಳಕ್ಕಿಳಿದು ಹೆಪ್ಪುಗಟ್ಟಿತ್ತು. ಹೆಣದ ಮುಷ್ಟಿಯಲ್ಲಿ ಪಕ್ಕದ ಮುಳ್ಳಿನ ಗಿಡದಿಂದ ಮುರಿದ ಒಂದು ತುಂಡು. ಮಣಿಕಟ್ಟಿನ ತನಕ ಬಿಳಿ ಅಂಟು ಒಣಗಿತ್ತು. ದೂರದ ಮೆಟ್ಟಿಲ ಬಳಿ ಅಂಥದೇ ಗಿಡದ ಕುಂಡವೊಂದು ಉರುಳಿಬಿದ್ದಿತ್ತು.

ಸೌಮ್ಯಾಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಪಕ್ಕದ ಮನೆಯ ಡೋರಾ ಟೀಚರ್ ನಿವೃತ್ತ ಜೀವಶಾಸ್ತ್ರ ಶಿಕ್ಷಕಿ. ಓಣಿಯ ಎಂಥ ಗುಟ್ಟನ್ನೂ ಬಿಡಿಸುವವರು. ಟಿಪ್ಪಣಿ ಬರೆಯುವವಳು ಸೌಮ್ಯಾ. ಸಂಜೆ ಟೀಚರ್ ಇನ್‌ಸ್ಪೆಕ್ಟರ್, ಹುಚ್ಚಪ್ಪ ಎಲ್ಲರನ್ನೂ ತಾರಸಿಗೆ ಕರೆಸಿದರು. ಪಾಲ್ ಅವರ ತಮ್ಮನ ಮಗ ನೋಯೆಲ್ ಬಂದ. ಅವನ ಕಣ್ಣುಗಳು ಬಾತು ಕೆಂಡವಾಗಿದ್ದವು.

"ಕಣ್ಣಿಗೆ ಏನಾತಪಾ?" ಟೀಚರ್ ಕೇಳಿದರು.

"ದೊಡ್ಡಪ್ಪ ಚೀರಿದ್ದು ಕೇಳಿ ಓಡಿ ಬಂದೆ ಟೀಚರ್. ಈ ಹುಚ್ಚಪ್ಪ ನನ್ನ ದೂಡಿ ಓಡಿಹೋದ. ಮೆಟ್ಟಿಲ ಕಡೆ ಈ ಕುಂಡದ ಮ್ಯಾಲ ಬಿದ್ದೆ. ಗಿಡಾ ಮುರದು ಹಾಲು ಕಣ್ಣಿಗೆ ಸಿಡೀತು. ಟಾಕಿ ಕಡೆ ನಾ ಹೋಗೇ ಇಲ್ಲ."

"ಸುಳ್ಳು ಬೊಗಳಬ್ಯಾಡ," ಹುಚ್ಚಪ್ಪ ರಕ್ತ ಉಗುಳಿದ. ಪೇದೆ ಅವನ ಬೆನ್ನಿಗೆ ಗುದ್ದಿದ.

"ಕೈ ತಗೀರಿ," ಎಂದ ಟೀಚರ್ ಉರುಳಿದ ಗಿಡವನ್ನು ಚಾಕುವಿನಿಂದ ಸೀಳಿದರು. ಬರೀ ನೀರು. ಟಾಕಿಯ ಪಕ್ಕದ ಗಿಡಕ್ಕೆ ಚಾಕು ತಾಗಿಸಿದರು. ಬೆಳ್ಳನೆಯ ಹಾಲು ಜಿನುಗಿ ಧಾರೆಯಾಯಿತು.

"ಎರಡೂ ಒಂದಽ ಅಲ್ರಿ?" ಬಸವಕಿರಣ ಬೆರಗಾದ.

"ಏಳನೇತ್ತಾಗ ನನ್ನ ಪಾಠಕ್ಕ ನಿದ್ದಿ ಹೊಡೀತಿದ್ದೆಲ್ಲ, ಈಗರೆ ಕೇಳು. ಇದು ನಮ್ಮ ನೆಲದ ಕಳ್ಳಿ. ಅದು ಅಮೆರಿಕಾದಿಂದ ಬಂದ ಕ್ಯಾಕ್ಟಸ್. ರಕ್ತಸಂಬಂಧ ಇಲ್ಲ. ಎರಡಕ್ಕೂ ಅದಽ ಬಿಸಿಲು, ಅದಽ ನೀರಿನ ಕೊರತಿ; ಅದಕ್ಕ ಬ್ಯಾರೆ ಬ್ಯಾರೆ ನೆಲದಾಗ ಬೆಳದ್ರೂ ಒಂದಽ ರೂಪ ಬಂದೈತಿ. ಆದ್ರ ಆ ಕ್ಯಾಕ್ಟಸಿನ್ಯಾಗ ಹಾಲಿಲ್ಲ."

ನೋಯೆಲ್ ಒಂದು ಹೆಜ್ಜೆ ಹಿಂದೆ ಸರಿದ.

"ಪಾಲ್ ಸಾಯೋಮುಂದ ಟಾಕಿ ಬಾಜೂಕಿನ ಕಳ್ಳಿ ಮುರದು ಹೊಡದಾವನ ಮುಖಕ್ಕ ಬಡದಾರ. ಆ ಹಾಲು ಹಸೀ ಇದ್ದಾಗಷ್ಟ ಸಿಡೀತೈತಿ, ಆಮ್ಯಾಲ ಅಂಟು. ಉರಿಯೋ ಕಣ್ಣಿಗೆ ನಿನಗೊಂದು ನೆಪ ಬೇಕಾತು. ಮೆಟ್ಟಿಲ ಹತ್ರ ಅಂಥಾದ ಗಿಡ ಕಂಡಿ, ಕುಂಡ ಉರುಳಿಸಿದಿ. ಇಪ್ಪತ್ತು ವರ್ಷ ಈ ಗಿಡ ಸಾಕಿದಾಂವ ಇಂಥ ತಪ್ಪು ಮಾಡತಾನೇನು? ಹುಚ್ಚಪ್ಪನ ಕಣ್ಣು ನೋಡ್ರಿ, ತಿಳೀ ಅದಾವ."

"ಈ ಮುಳ್ಳಿನ ಸಲುವಾಗಿ ಮನಿ ಕೆಡವಾಕ ಬಿಡಲಿಲ್ಲ ಆ ಮುದುಕ!" ನೋಯೆಲ್ ಕುಂಡ ಎತ್ತಿ ಟೀಚರ್ ಮೇಲೆ ಬೀಸಿದ. ಅದು ಗೋಡೆಗೆ ಬಡಿದು ಚೂರಾಯಿತು. ಪೇದೆಗಳು ಅವನ ಮುಖವನ್ನು ನೆಲಕ್ಕೆ ಒತ್ತಿ ಹಿಡಿದರು. ಮೂಗು ಮುರಿದ ಸದ್ದು ಎಲ್ಲರಿಗೂ ಕೇಳಿತು.

ಬಸವಕಿರಣ ಹುಚ್ಚಪ್ಪನ ಕಡೆ ನೋಡದೆಯೇ, "ಆತು, ನೀ ಮನಿಗೆ ನಡಿ," ಎಂದ.

ಹುಚ್ಚಪ್ಪ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ಮೆಟ್ಟಿಲಿನತ್ತ ತಿರುಗಿದ. ಸೌಮ್ಯಾ ಅಡ್ಡ ಹೋಗಿ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಕಾಕಾ," ಎಂದಳು, "ನಿಮ್ಮನ್ನ ಹೊಡಿಸಿದಾಕಿ ನಾನು."