ಒಂಬತ್ತನೇ ಪಿನ್ನಿನ ಮೌನ

"ನಿಮ್ಮ ಯಂತ್ರ ನಮ್ಮ ಹುಳುಗಳನ್ನ ಕೊಲ್ತಾ ಇದೆ!"

ಮರ್ಗಿಲಾನ್ ಬಜಾರಿನ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಮುಹಯ್ಯೊ ಹಾಗೆ ಕೂಗಿದಾಗ ಅಸಿಲ್‌ಬೆಕ್‌ನ ಕೈಯಲ್ಲಿದ್ದ ಚಹಾ ಬಟ್ಟಲು ತುಳುಕಿತು. ಓಡಿಬಂದಿದ್ದಕ್ಕೆ ಅವಳ ಕೆನ್ನೆ ಕೆಂಪೇರಿತ್ತು, ತಲೆವಸ್ತ್ರ ಹೆಗಲಿಗೆ ಜಾರಿತ್ತು. ಕೋಪದಲ್ಲೂ ಇಷ್ಟು ಚೆಂದ ಕಾಣುವುದು ಅನ್ಯಾಯ ಅನ್ನಿಸಿತು ಅವನಿಗೆ. ಹೇಳಲು ಧೈರ್ಯ ಸಾಲಲಿಲ್ಲ.

"ಹೀಟರ್ ಉರೀತಿಲ್ಲ. ಕೋಣೆ ತಣ್ಣಗೆ ಕೊರೀತಿದೆ. ಹುಳುಗಳು ಎಲೆ ಮುಟ್ತಿಲ್ಲ, ಅಮ್ಮ ಅಳ್ತಾ ಕೂತಿದಾಳೆ."

ಅವಳ ತಾಯಿ ಹೊಸಿಯತ್ ಖೋಲಾ ವಸಂತದಲ್ಲಿ ರೇಷ್ಮೆಹುಳು ಸಾಕುವ ಕೋಣೆಗೆ ಹೀಟರಿನ ಕಾವು ಹತೋಟಿಯಲ್ಲಿಡುವ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್ ಜೋಡಿಸಿಕೊಟ್ಟವನು ಅವನೇ. ಅದರ ಒಂಬತ್ತನೇ ಪಿನ್ನಿನಿಂದ ಹೀಟರಿಗೆ ವಿದ್ಯುತ್ ಮಿಡಿತಗಳು ಹೊರಡುತ್ತಿದ್ದವು. ಮಿಡಿತ ಅಗಲವಾದರೆ ಹೀಟರ್ ಹೆಚ್ಚು ಕಾಯುತ್ತದೆ, ಕಿರಿದಾದರೆ ಕಡಿಮೆ.

ಹುಳುಮನೆಗೆ ಬಂದವನೇ ಅವನು ಆ ಪಿನ್ನಿನ ತಂತಿ ಬಿಡಿಸಿ, ಹೀಟರಿಗೆ ನೇರವಾಗಿ ಒಂದು ಸ್ವಿಚ್ ಕೊಟ್ಟ. ಹೀಟರ್ ಕೆಂಪಗಾಯಿತು.

"ಹೀಟರ್ ಚೆನ್ನಾಗೇ ಇದೆ. ನೀವು ಥರ್ಮಾಮೀಟರ್ ನೋಡ್ತಾ ಸ್ವಿಚ್ ಹಾಕಿ, ಆರಿಸಿ. ನಾನು ಪ್ರೋಗ್ರಾಂ ನೋಡ್ತೀನಿ."

"ಅಂದ್ರೆ ನಿಮ್ಮ ಪಿನ್ನಿನ ಕೆಲಸ ನಂದು?"

"ಪಿನ್ ಇಷ್ಟು ಬೈಯ್ತಿರ್ಲಿಲ್ಲ."

ಅವಳು ನಗು ತಡೆಯಲು ಮುಖ ತಿರುಗಿಸಿದಳು. ಅವಳ ಕಿವಿಯೋಲೆ ಮಾತ್ರ ತಡೆಯಲಾಗದೆ ಅಲುಗಿತು.

ಮಿಡಿತಗಳನ್ನು ಅಲೆಯಾಗಿ ತೋರಿಸುವ ಸ್ಕೋಪಿನ ಪರದೆಯಲ್ಲಿ ಪಿನ್ ಒಂಬತ್ತರದು ಚಪ್ಪಟೆ ಗೆರೆ. ಚಿಪ್ ಬದಲಿಸಿದ. ಮತ್ತೆ ಅದೇ ಗೆರೆ.

"ಮೊನ್ನೆವರೆಗೆ ಸರಿಯಾಗೇ ಇತ್ತಲ್ಲ?" ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಅವಳು ಕೇಳಿದಳು. "ನಿನ್ನೆ ಏನು ಬದಲಾಯ್ಸಿದ್ರಿ?"

ಅವನ ಕಣ್ಣು ಗೋಡೆಯ ಮೇಲ್ಗಿಂಡಿಯತ್ತ ಹೋಯಿತು. ಗಾಳಿಗಾಗಿ ತಾನೇ ತೆರೆದುಕೊಳ್ಳಲೆಂದು ನಿನ್ನೆ ಅದಕ್ಕೊಂದು ಪುಟ್ಟ ಮೋಟಾರು ಕೂಡಿಸಿದ್ದ. ಪ್ರೋಗ್ರಾಮಿನಿಂದ ಮೋಟಾರಿನ ಸಾಲುಗಳನ್ನು ತೆಗೆದ. ಪರದೆಯ ಮೇಲೆ ಚೌಕಚೌಕ ಅಲೆಗಳು ಎದ್ದು ನಿಂತವು.

"ಒಂಬತ್ತನೇ ಪಿನ್ನಿಗೂ ಮೋಟಾರಿಗೂ ಚಿಪ್ಪಿನೊಳಗಿನ ಒಂದೇ ಟೈಮರ್ ಬೇಕು. ಮೋಟಾರು ಅದನ್ನ ಕಿತ್ಕೊಂಡುಬಿಟ್ಟಿದೆ. ಇದು ನಂಗೆ ಗೊತ್ತಿರ್ಬೇಕಿತ್ತು."

"ಮೋಟಾರು ಬೇಕು ಅಂದಿದ್ದು ಅಮ್ಮಾನಾ?"

"ಇಲ್ಲ."

"ಮತ್ತೆ ಯಾರು?"

ಅವನು ತಂತಿಗಳನ್ನೇ ನೋಡುತ್ತ ಕೂತ. "ಯಾರೂ ಅಲ್ಲ. ಹೀಟರ್ ಕೆಲಸ ಮುಗಿದುಹೋಗಿತ್ತು. ಮತ್ತೆ ಬರೋಕೆ ನಂಗೊಂದು ನೆಪ ಬೇಕಿತ್ತು. ನಿಮ್ಮ ಹುಳುಗಳ ಜೀವಕ್ಕೇ ಬಂತು, ಮುಹಯ್ಯೊ. ಕ್ಷಮಿಸಿ."

ಅವಳು ಸ್ವಿಚ್ಚಿನಿಂದ ಬೆರಳು ತೆಗೆದಳು.

"ಶುಕ್ರವಾರ ಕೋಕಂದಿನಿಂದ ನನ್ನನ್ನ ನೋಡೋಕೆ ಗಂಡಿನ ಕಡೆ ಹೆಂಗಸರು ಬರ್ತಾರೆ," ಎಂದಳು ಮೆಲ್ಲಗೆ. "ಅಮ್ಮ ಒಪ್ಪಿದ್ರೆ ಅವತ್ತೇ ರೊಟ್ಟಿ ಮುರಿದು ಮದುವೆ ನಿಶ್ಚಯ ಮಾಡ್ತಾರೆ. ಅಲ್ಲಿಗೆ ಮಾತು ಮುಗೀತು."

ಅವನ ಮುಖ ಬಾಡಿತು. ಮೋಟಾರಿನ ತಂತಿ ಕೀಳಲು ಕೈ ಚಾಚಿದ.

"ಅದನ್ನ ಯಾಕೆ ತೆಗೀತೀರಿ?"

"ಇನ್ನು ಅದರ ಕೆಲಸ ಏನಿದೆ?"

"ಪಿನ್ ಒಂಬತ್ತೇ ಆಗ್ಬೇಕಂತಿದ್ಯಾ? ಹೀಟರನ್ನ ಬೇರೆ ಪಿನ್ನಿಗೆ ಹಾಕೋಕಾಗಲ್ವಾ?"

ಅವನು ಬೆರಗಾಗಿ ಅವಳನ್ನೇ ನೋಡಿದ. ಮೂರನೇ ಪಿನ್ನಿಗೆ ಬೇರೆ ಟೈಮರ್ ಇತ್ತು. ಹೀಟರಿನ ತಂತಿಯನ್ನು ಅದಕ್ಕೆ ಹಾಕಿ, ತೆಗೆದ ಸಾಲುಗಳನ್ನು ಮರಳಿ ಸೇರಿಸಿದ. ಹೀಟರ್ ಹದವಾಗಿ ಕಾಯಿತು, ಕಿಂಡಿಯೂ ತೆರೆಯಿತು.

ಕೊಂಚ ಹೊತ್ತಿಗೆ ತಟ್ಟೆಗಳಿಂದ ಸರಸರ ಸದ್ದು ಎದ್ದಿತು. ಹುಳುಗಳು ಎಲೆ ತಿನ್ನತೊಡಗಿದ್ದವು. ಅಂಗಳದಲ್ಲಿ ಹೊಸಿಯತ್ ಖೋಲಾ ದೇವರಿಗೆ ಕೃತಜ್ಞತೆ ಹೇಳುವುದು ಕೇಳಿಸಿತು.

ಮುಹಯ್ಯೊ ತಲೆವಸ್ತ್ರ ಸರಿಮಾಡಿಕೊಂಡು ಬಾಗಿಲವರೆಗೆ ಹೋದಳು. ತಿರುಗಿ ನೋಡಿದಳು.

"ಅಸಿಲ್‌ಬೆಕ್, ನಿಮ್ಮಮ್ಮ ಗುರುವಾರ ಬಿಡುವಾಗಿರ್ತಾರಾ?"

"ಇರ್ತಾರೆ. ಯಾಕೆ?"

"ಬರೋಕೆ ಹೇಳಿ. ರೊಟ್ಟಿ ನಾನೇ ಸುಟ್ಟಿರ್ತೀನಿ. ಮುರಿಯೋದು ಅವರ ಕೆಲಸ."