ಸೂಕ್ತ ಆಯ್ಕೆ

"ಇನ್ನೆಷ್ಟು ಸಲ ಇದನ್ನ ವಾಪಸ್ ಕಳಿಸ್ತೀರಿ?"

ಹಾರ್ಡ್ ಡಿಸ್ಕನ್ನು ಅವನ ಮೇಜಿನ ಮೇಲೆ ಕುಕ್ಕಬೇಕೆಂದೇ ಅವಳು ಬಸ್ಸು ಬದಲಿಸಿಕೊಂಡು ಊರಿನ ಈ ತುದಿಗೆ ಬಂದಿದ್ದಳು. ಆದರೆ ಕೈ ಮೇಲೆತ್ತಿದಾಗ ಅದರೊಳಗಿದ್ದ ದನಿಗಳೆಲ್ಲ ನೆನಪಾದವು... ಕೋಪದಲ್ಲೂ ಮೆಲ್ಲಗೇ ಇಟ್ಟಳು.

ಮೇಜಿನ ಆಚೆಗಿದ್ದವನು ತಲೆಯೆತ್ತಿದ. ಷರಟಿನ ಒಂದು ತೋಳು ಮೊಣಕೈವರೆಗೆ ಮಡಚಿತ್ತು, ಇನ್ನೊಂದು ಜೋತುಬಿದ್ದಿತ್ತು. ನಿದ್ದೆಗೆಟ್ಟ ಕಣ್ಣುಗಳು.

"ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ."

ಹಾಗೆಂದವಳೇ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

ಇವನೇನಾ ತಿರಸ್ಕಾರ ಸಾಹೇಬ?

ಆ ಹೆಸರು ಅವಳೇ ಇಟ್ಟದ್ದು. ಅವನಿಂದ ಬರುತ್ತಿದ್ದ ಪ್ರತಿ ಮೇಲ್‌ನಲ್ಲೂ ಒಂದೇ ಸಾಲು, 'ಫೈಲುಗಳನ್ನು ತಿರಸ್ಕರಿಸಲಾಗಿದೆ.' ನಮಸ್ಕಾರವಿಲ್ಲ, ಕಾರಣವಿಲ್ಲ. ಬೊಜ್ಜು ಹೊಟ್ಟೆಯ, ಹಲ್ಲುಕಡ್ಡಿ ಕಚ್ಚಿಕೊಂಡು ಕೂತ ಮುದುಕನೊಬ್ಬನನ್ನು ಕಲ್ಪಿಸಿಕೊಂಡಿದ್ದಳು. ಇವನು ನೋಡಿದರೆ ಹೆಚ್ಚು ಕಡಿಮೆ ತನ್ನ ವಯಸ್ಸಿನವನೇ. ತನ್ನಷ್ಟೇ ಸುಸ್ತಾದವನು ಕೂಡ.

ಅವಳ ಕೆಲಸ ಗ್ರಂಥಾಲಯವೊಂದರ ನೆಲಮಾಳಿಗೆಯ ಧ್ವನಿ ಸಂಗ್ರಹದಲ್ಲಿ. ಹಳೆಯ ಟೇಪುಗಳಲ್ಲಿ ಹಾಡು, ಭಾಷಣ, ಅಜ್ಜಿಯರು ಹೇಳಿದ ಕಥೆಗಳಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿ, ಕಾಯ್ದಿಡಲು ಅವನಿರುವ ಈ ದಾಖಲೆಗಳ ಭಂಡಾರಕ್ಕೆ ಕಳಿಸಬೇಕು. ಗ್ರಂಥಾಲಯದವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಟೇಪುಗಳೋ ಮುಟ್ಟಿದರೆ ಮುರಿಯುವಂಥವು. ಎಷ್ಟೋ ಟೇಪುಗಳು ಒಮ್ಮೆ ತಿರುಗಿಸುವಷ್ಟರಲ್ಲೇ ಪೊರೆ ಬಿಟ್ಟು ಪುಡಿಯಾಗಿದ್ದವು. ಇಳಿಸಿಕೊಂಡದ್ದು ಕೆಟ್ಟಿದ್ದರೆ ಇನ್ನೊಂದು ಅವಕಾಶವಿರಲಿಲ್ಲ.

ಫೈಲು ದಾರಿಯಲ್ಲಿ ಕೆಟ್ಟಿಲ್ಲ ಎಂದು ತಿಳಿಯಲು ಇದ್ದ ಉಪಾಯವೇ ಚೆಕ್‌ಸಮ್. ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪ್ ಮಾಡಿದರೆ ಕಂಪ್ಯೂಟರು ಇಡೀ ಫೈಲನ್ನು ಓದಿ, ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಕಳಿಸುವವರೂ ತೆಗೆಯಬೇಕು, ಪಡೆಯುವವರೂ ತೆಗೆಯಬೇಕು. ಎರಡೂ ಒಂದೇ ಆಗಿದ್ದರೆ ಫೈಲು ಕ್ಷೇಮ.

ಅವಳ ಸಂಖ್ಯೆಯೂ ಅವನ ಸಂಖ್ಯೆಯೂ ಒಮ್ಮೆಯೂ ಕೂಡಿಬರಲಿಲ್ಲ.

ಭಂಡಾರದವರು ಕೊಟ್ಟಿದ್ದ ಕೈಪಿಡಿಯನ್ನು ಅವಳು ಬಾಯಿಪಾಠವಾಗುವಷ್ಟು ಓದಿದ್ದಳು. ಎಂದೋ ಕೆಲಸ ಬಿಟ್ಟುಹೋದ ಯಾರೋ ಪುಣ್ಯಾತ್ಮ ಬರೆದದ್ದು. 'ಸೂಕ್ತ ಆಯ್ಕೆಯೊಂದಿಗೆ ಕಮಾಂಡನ್ನು ಚಲಾಯಿಸತಕ್ಕದ್ದು.' ಅಷ್ಟೇ. ಕಮಾಂಡಿಗೆ ಯಾವ ಅಕ್ಷರ ಸೇರಿಸಿದರೆ ಸೂಕ್ತ, ಯಾರಿಗೆ ಸೂಕ್ತ, ಒಂದು ಮಾತಿಲ್ಲ. ತಲೆ ಚಿಟ್ಟು ಹಿಡಿದು, ಆಯ್ಕೆಯ ಗೊಡವೆಯೇ ಬೇಡವೆಂದು ಬರೀ ಕಮಾಂಡನ್ನೇ ಕೊಟ್ಟಿದ್ದಳು.

ಮೇಲಿನವರು ಅವಳನ್ನೇ ಬೈದರು. ಮನೆಗೆ ಹೋದರೆ ಬಿದ್ದು ಸೊಂಟ ಮುರಿದುಕೊಂಡ ಅಮ್ಮ ಹಾಸಿಗೆಯಲ್ಲಿ. ಹಗಲು ನೋಡಿಕೊಳ್ಳುವ ಆಯಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಕಾಯುತ್ತಿರುತ್ತಾಳೆ. ಒಂದು ಸಂಜೆ ಅಮ್ಮನ ಕಾಲು ಒತ್ತುತ್ತ ಒತ್ತುತ್ತಲೇ ಅವಳು ಭಂಡಾರದ ಮುಖ್ಯಸ್ಥರಿಗೆ ದೂರು ಬರೆದು ಕಳಿಸಿದ್ದಳು, ನಿಮ್ಮ ಈ ಮನುಷ್ಯ ಬೇಕೆಂದೇ ಕೆಲಸ ತಡೆಯುತ್ತಿದ್ದಾನೆ ಎಂದು.

ಈಗ ಪಕ್ಕದ ಮೇಜಿನಿಂದ ಗುಮಾಸ್ತೆಯೊಬ್ಬಳು ಕತ್ತು ಚಾಚಿ, ದೂರು ಕೊಟ್ಟ ಮೇಡಂ ಇವರೇ ಅಲ್ಲವೇ ಎಂದು ಕೇಳಿದಳು. ಅದರಿಂದಾಗಿ ಅವನಿಗೆ ನೋಟಿಸು ಬಂದಿದೆ, ಮುಂದಿನ ವರ್ಷದ ಕೆಲಸವೇ ಅನುಮಾನ ಎಂಬುದನ್ನೂ ಸೇರಿಸಿದಳು.

ನೆಲ ಬಿರಿದರೆ ಅವಳು ಇಳಿದುಬಿಡುತ್ತಿದ್ದಳು.

"ಬಿಡಿ," ಎಂದ ಅವನು. "ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿದ್ದೆ."

ನಂತರ ಡಿಸ್ಕನ್ನು ತನ್ನತ್ತ ಎಳೆದುಕೊಂಡು, ಮೆಲುದನಿಯಲ್ಲಿ ಹೇಳಿದ. ಅವನು ಆ ಫೈಲುಗಳನ್ನೆಲ್ಲ ಕೂತು ಕೇಳಿದ್ದನಂತೆ. ಕಿವಿಗೆ ಚೆನ್ನಾಗಿಯೇ ಇವೆ. ಆದರೆ ಕಿವಿಗೆ ಸಿಗದ ತಪ್ಪೊಂದು ಒಳಗಿದ್ದು, ತಾನು ಒಪ್ಪಿಕೊಂಡ ಮೇಲೆ ಆ ದನಿಗಳು ಹಾಳಾದರೆ? ಅದಕ್ಕೇ ರುಜು ಹಾಕುವ ಧೈರ್ಯ ಬರಲಿಲ್ಲವಂತೆ.

"ಆ ಅಜ್ಜಿ ಕಥೆ ಹೇಳ್ತಾ ಮಧ್ಯದಲ್ಲಿ ಕೆಮ್ಮಿ, ಎಲ್ಲಿಗೆ ನಿಲ್ಲಿಸಿದೆ ಅಂತ ಕೇಳ್ತಾರಲ್ಲ..."

"ಹೂಂ. ಆ ಟೇಪು ಈಗಿಲ್ಲ," ಎಂದಳು ಅವಳು.

ಅವನು ಡಿಸ್ಕಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

ಕಡೆಗೆ ಅವನೇ ಒಂದು ದಾರಿ ಹೇಳಿದ. ದೊಡ್ಡ ಫೈಲುಗಳ ಸಹವಾಸವೇ ಬೇಡ. ಒಂದೇ ಪದವಿರುವ ಫೈಲು ಮಾಡೋಣ. ನಿಮ್ಮ ಲ್ಯಾಪ್‌ಟಾಪಿನಲ್ಲೂ ನೋಡೋಣ, ನನ್ನ ಕಂಪ್ಯೂಟರಿನಲ್ಲೂ ನೋಡೋಣ.

"ಏನು ಬರೀಲಿ?"

"ಮನಸ್ಸಿಗೆ ಬಂದದ್ದು."

ಅವಳು 'ಸಾಕು' ಎಂದು ಟೈಪ್ ಮಾಡಿದಳು. ಅವನು ಅದನ್ನು ಓದಿ, ಆ ಫೈಲನ್ನು ತನ್ನ ಕಂಪ್ಯೂಟರಿಗೂ ಹಾಕಿಕೊಂಡ.

ಅವಳ ಲ್ಯಾಪ್‌ಟಾಪು ಒಂದು ಸಂಖ್ಯೆ ಕೊಟ್ಟಿತು. ಅವನ ಕಂಪ್ಯೂಟರು ಇನ್ನೊಂದು. ಒಂದೇ ಒಂದು ಪದ, ಅದಕ್ಕೂ ಎರಡು ಉತ್ತರ.

ಇಷ್ಟು ಪುಟ್ಟ ಫೈಲು ಮೇಜಿನ ಈ ಬದಿಯಿಂದ ಆ ಬದಿಗೆ ಬರುವಷ್ಟರಲ್ಲಿ ಕೆಡುವುದು ಸಾಧ್ಯವೇ ಇರಲಿಲ್ಲ. ಅವನು ಕೈಪಿಡಿಯನ್ನು ಬದಿಗೆ ತಳ್ಳಿ, ಕಮಾಂಡಿನ ಜೊತೆಗೇ ಬರುವ ಸಹಾಯದ ಪುಟ ತೆರೆದ. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಆ ಕಮಾಂಡಿಗೆ ಲೆಕ್ಕ ಹಾಕುವ ಎರಡು ಕ್ರಮಗಳಿದ್ದವು. ಹಳೆಯ ಯಂತ್ರಗಳಿಗೆ ಒಂದು ರೂಢಿ, ಹೊಸವಕ್ಕೆ ಇನ್ನೊಂದು. ಯಾವುದೆಂದು ಹೇಳದಿದ್ದರೆ ಯಂತ್ರ ತನ್ನ ರೂಢಿಯಂತೆಯೇ ಎಣಿಸುತ್ತದೆ. ಭಂಡಾರದ್ದು ಓಬೀರಾಯನ ಕಾಲದ ಕಂಪ್ಯೂಟರು. ಈವರೆಗೆ ಫೈಲು ಕಳಿಸುತ್ತಿದ್ದ ಕಚೇರಿಗಳದ್ದೂ ಅಂಥವೇ. ಅವಳಿಗೆ ಮಾತ್ರ ಈ ವರ್ಷ ಹೊಸದು ಕೊಟ್ಟಿದ್ದರು.

ಅವನು ಅವಳ ಲ್ಯಾಪ್‌ಟಾಪಿನಲ್ಲಿ ಕಮಾಂಡಿನ ನಂತರ ಒಂದು ಗೀಟು, ಹಳೆಯ ಕ್ರಮ ಸೂಚಿಸುವ ಒಂದು ಅಕ್ಷರ ಸೇರಿಸಿದ. ಕೈಪಿಡಿಯ 'ಸೂಕ್ತ ಆಯ್ಕೆ' ಎಂದರೆ ಅಷ್ಟೇ.

ಸಂಖ್ಯೆಗಳು ಒಂದೇ ಆದವು.

ನಂತರ ನಿಜವಾದ ಫೈಲುಗಳು. ಹಾಡು... ಸರಿ. ಭಾಷಣ... ಸರಿ. ಕೆಮ್ಮುವ ಅಜ್ಜಿ... ಸರಿ.

"ಏನೂ ಹಾಳಾಗಿಲ್ಲ," ಎಂದ ಅವನು. "ಮೊದಲ ದಿನದಿಂದಲೂ ಎಲ್ಲ ಸರಿಯಾಗೇ ಇತ್ತು."

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅಳು. ಎಷ್ಟೋ ದಿನಗಳಿಂದ ಒಳಗೇ ತಡೆದಿಟ್ಟದ್ದೆಲ್ಲ ಅಪರಿಚಿತನೊಬ್ಬನ ಮೇಜಿನ ಮುಂದೆ ಹರಿದು ಬಂತು. ಅವನು ಮೇಜಿನ ಕೆಳಗೆ ಬಗ್ಗಿ, ಯಾವುದೋ ವೈರು ಹುಡುಕುವವನಂತೆ ಅವಳು ಮೂಗು ಒರೆಸಿಕೊಳ್ಳುವವರೆಗೂ ಅಲ್ಲೇ ಇದ್ದ.

ಅದು ಅವಳಿಗೆ ಹಿಡಿಸಿತು.

ಮರುದಿನವೇ ಅವಳು ದೂರನ್ನು ಹಿಂತೆಗೆದುಕೊಂಡು, ತಪ್ಪು ಕೈಪಿಡಿಯದು ಎಂದು ವಿವರವಾಗಿ ಬರೆದಳು. ಮುಖ್ಯಸ್ಥರು ನೋಟಿಸು ಕೈಬಿಟ್ಟರು. ಹಾಗಾದರೆ ಹೊಸ ಕೈಪಿಡಿಯನ್ನು ನೀವಿಬ್ಬರೇ ಬರೆಯಿರಿ ಎಂದು ಕೆಲಸವನ್ನೂ ಅಂಟಿಸಿದರು.

ಅವಳು ವಾರಕ್ಕೊಮ್ಮೆ ಭಂಡಾರಕ್ಕೆ ಬರತೊಡಗಿದಳು. ಅವನು ಬರೆದ ವಾಕ್ಯಗಳು ರೈಲಿನಷ್ಟು ಉದ್ದವಿರುತ್ತಿದ್ದವು. ಅವಳು ಕತ್ತರಿಸುತ್ತಿದ್ದಳು. ಹಾಗೆ ಮಾಡಿದರೆ ಅರ್ಥ ಬಿಟ್ಟುಹೋಗುತ್ತದೆ ಎಂದು ಅವನ ವಾದ.

"ಇದನ್ನ ಓದೋರು ಸುಸ್ತಾಗಿರ್ತಾರೆ ರೀ," ಎಂದಳು ಒಂದು ದಿನ. "ಬೆಳಿಗ್ಗೆಯಿಂದ ದುಡಿದು, ಬೈಸಿಕೊಂಡು, ಕಡೆಗೆ ಈ ಪುಟ ತೆಗೀತಾರೆ. ಅವರ ಹತ್ರ ಮಾತಾಡೋ ಹಾಗೆ ಬರೀರಿ."

ಅವನು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಅವಳು ಸುಮ್ಮಸುಮ್ಮನೆ ಚೀಲದಲ್ಲಿ ಏನನ್ನೋ ಹುಡುಕಬೇಕಾಯಿತು.

ಆಮೇಲೆ ಅವನ ವಾಕ್ಯಗಳು ಚಿಕ್ಕವಾದವು. ಮೇಲ್‌ಗಳು ಉದ್ದವಾದವು. ಅಮ್ಮ ಹೇಗಿದ್ದಾರೆ, ಆಯಾ ಹೊತ್ತಿಗೆ ಸರಿಯಾಗಿ ಬಂದಳೇ, ನೀವು ಊಟ ಮಾಡಿದಿರಾ... ನೆಲಮಾಳಿಗೆಯ ಮಬ್ಬಿನಲ್ಲಿ ಅವನ್ನು ಓದುತ್ತ ಅವಳು ತನಗೇ ಗೊತ್ತಿಲ್ಲದೆ ಮುಗುಳ್ನಗುತ್ತಿದ್ದಳು. ಅವಳನ್ನು ನೋಡಲು ಬಂದಿದ್ದ ಗಂಡುಗಳೆಲ್ಲ, ಅಮ್ಮನೂ ನನ್ನ ಜೊತೆಗೇ ಇರುತ್ತಾಳೆ ಎಂದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗಿದ್ದರು. ಆ ಆಸೆಯನ್ನು ಮಡಚಿ ಎತ್ತಿಟ್ಟು ಬಹಳ ಕಾಲವಾಗಿತ್ತು. ಈಗ ಯಾಕೆ ಮನಸ್ಸು ಹೀಗೆ...?

ಆ ಮನಸ್ಸಿಗೆ ಪೆಟ್ಟು ಬಿದ್ದದ್ದು ಒಂದು ಮಧ್ಯಾಹ್ನ. ಕೈಪಿಡಿಯ ಕೊನೆಯ ಪುಟ ಬರೆಯುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಕಿಟಕಿಯ ಬಳಿ ಹೋಗಿ ಮಾತಾಡಿದ. ದನಿ ಮಾತ್ರ ಕೇಳುತ್ತಿತ್ತು.

"ಹೇಳಿ ಅತ್ತೆ... ಹೂಂ, ಬರ್ತಾ ತರ್ತೀನಿ... ನೀವು ಕಾಯಬೇಡಿ, ಊಟ ಮಾಡಿಬಿಡಿ."

ಅತ್ತೆ.

ಬಂದು ಕೂತವನನ್ನು ಅವಳು ಆದಷ್ಟು ಸಹಜವಾಗಿ ಕೇಳಿದಳು, ಹೆಂಡತಿಯ ತಾಯಿಯೇ ಎಂದು. ಅವನು ಹೌದೆಂದ, ನಮ್ಮ ಮನೆಯಲ್ಲೇ ಇರುವುದು ಎಂದ. ಇನ್ನೂ ಏನನ್ನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದಿದ್ದಳು.

ತಪ್ಪು ಯಾರದು? ಅವನು ಒಂದು ದಿನವಾದರೂ ಮೇರೆ ಮೀರಿ ಮಾತಾಡಿದ್ದನೇ? ಇಲ್ಲ. ಊಟವಾಯಿತೇ ಎಂದು ಯಾರು ಬೇಕಾದರೂ ಕೇಳುತ್ತಾರೆ. ಅದರ ಮೇಲೆ ಮನೆ ಕಟ್ಟಿಕೊಂಡವಳು ತಾನು.

ಅಂದಿನಿಂದ ಅವಳು ಭಂಡಾರಕ್ಕೆ ಹೋಗಲಿಲ್ಲ. ಡಿಸ್ಕುಗಳನ್ನು ಕೊರಿಯರಿನಲ್ಲಿ ಕಳಿಸಿದಳು. ಅವನ ಉದ್ದದ ಮೇಲ್‌ಗಳಿಗೆ 'ತಲುಪಿದೆ' ಎಂಬ ಒಂದೇ ಪದದ ಉತ್ತರ. ನಿಮಗೆ ನನ್ನಿಂದ ಏನಾದರೂ ಬೇಸರವಾಯಿತೇ ಎಂದು ಅವನು ಕೇಳಿದ್ದಕ್ಕೆ ಅದೂ ಇಲ್ಲ. ಕ್ರಮೇಣ ಅವನೂ ಸುಮ್ಮನಾದ.

ಮಗಳು ಬಡಿಸಿಕೊಂಡ ತಟ್ಟೆಯನ್ನು ಹಾಗೇ ಮುಚ್ಚಿಡುವುದನ್ನು ಅಮ್ಮ ಹಾಸಿಗೆಯಿಂದಲೇ ನೋಡುತ್ತಿದ್ದಳು.

"ಯಾರ ಮೇಲೆ ಮುನಿಸು?"

"ಯಾರ ಮೇಲೂ ಇಲ್ಲಮ್ಮ. ಸುಸ್ತು."

ಟೇಪುಗಳ ಕೆಲಸ ಮುಗಿಯಿತು. ಭಂಡಾರಕ್ಕೆ ಹೋಗಿ ಇಬ್ಬರೂ ರುಜು ಹಾಕುವುದೊಂದು ಬಾಕಿ. ತಪ್ಪಿಸಿಕೊಳ್ಳುವಂತಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಹೋದರೆ ಅವನ ಕುರ್ಚಿ ಖಾಲಿ.

ಗುಮಾಸ್ತೆ ಹೇಳಿದಳು. ಅತ್ತೆಗೆ ಕಣ್ಣಿನ ಆಪರೇಷನ್, ಆಸ್ಪತ್ರೆಯಲ್ಲಿದ್ದಾರೆ, ಅದಕ್ಕೇ ಇವರು ರಜೆ ಹಾಕಿದ್ದಾರೆ ಎಂದು. ನಂತರ ದನಿ ತಗ್ಗಿಸಿದಳು.

"ಹೆಂಡತಿ ತೀರಿಕೊಂಡು ಅದೆಷ್ಟು ವರ್ಷ ಆಯ್ತು. ಆ ಮುದುಕಿಗೆ ಬೇರೆ ದಿಕ್ಕಿಲ್ಲ ಅಂತ ಇವರೇ ನೋಡ್ಕೋತಾರೆ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ?"

ಅವಳು ಆ ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತಳು. ನಾಚಿಕೆ, ಸಂಕಟ, ಅದರ ಅಡಿಯಲ್ಲೆಲ್ಲೋ ಹೆಸರಿಡಲು ಹೆದರಿಕೆಯಾಗುವಂಥ ಒಂದು ಹಗುರ ಭಾವ... ಆಸ್ಪತ್ರೆ ಯಾವುದೆಂದು ಕೇಳಿ, ಬಸ್ಸಿಗೂ ಕಾಯದೆ ನಡೆದೇ ಹೊರಟಳು.

ವಾರ್ಡಿನಲ್ಲಿ ಅವನಿರಲಿಲ್ಲ, ಔಷಧಿ ತರಲು ಹೋಗಿದ್ದ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ವೃದ್ಧೆ ದಿಂಬಿಗೊರಗಿ ಕೂತು ಇನ್ನೊಂದು ಕಣ್ಣಿನಿಂದ ಅವಳನ್ನು ಅಳೆದಳು.

"ಯಾರಮ್ಮ? ನರ್ಸ್ ಅಲ್ಲ ನೀನು."

ಅವಳು ತಾನು ಯಾವ ಕಚೇರಿಯವಳೆಂದು ತಡವರಿಸುತ್ತ ಹೇಳಿದಳು.

"ಓಹೋ. ಅವನ ವಾಕ್ಯ ಕತ್ತರಿಸೋಳು ನೀನೇನಾ? ಬಾ, ಕೂತ್ಕೋ. ನಾಲ್ಕು ತಿಂಗಳು ಮನೇಲಿ ನಿನ್ನದೇ ಜಪ. ಆಮೇಲೆ ಬಾಯಿಗೆ ಬೀಗ. ಕೇಳಿದ್ರೆ ಹೇಳಲ್ಲ. ಏನಾಯ್ತು?"

"ನಾನು ತಪ್ಪು ತಿಳ್ಕೊಂಡೆ ಅಮ್ಮ. ಅವರು ಅತ್ತೆ ಅಂದಾಗ... ಮನೇಲಿ ಹೆಂಡತಿನೂ ಇದ್ದಾರೆ ಅಂದ್ಕೊಂಡೆ."

ವೃದ್ಧೆ ನಗಲು ಹೋಗಿ, ನಗಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಕೆನ್ನೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಆ ಕೈ ಅವಳ ಕೈಯನ್ನು ಹುಡುಕಿತು.

"ನನ್ನ ಮಗಳು ಇವತ್ತಿದ್ದಿದ್ರೆ ನಿನ್ನಷ್ಟೇ ಇರ್ತಿದ್ಳು. ಮದುವೆ ಮಾಡ್ಕೊಳಪ್ಪ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ನಿಮ್ಮನ್ನ ಎಲ್ಲಿ ಬಿಡಲಿ ಅಂತಾನೆ. ಬಿಡು ಅಂತ ನಾನು ಯಾವಾಗ ಹೇಳಿದೆ? ನನ್ನನ್ನೂ ಕಟ್ಕೊಂಡು ಹೋಗೋ ಅಂದೆ."

ಅವಳು ನಕ್ಕಳು, ಕಣ್ಣು ತುಂಬಿಕೊಂಡೇ. ತಲೆಯೆತ್ತಿದಾಗ ಬಾಗಿಲಲ್ಲಿ ಔಷಧಿಯ ಪೊಟ್ಟಣ ಹಿಡಿದು ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ರಾತ್ರಿ ಜೊತೆಗಿರಲು ಪಕ್ಕದ ಮನೆಯಾಕೆ ಬಂದಿದ್ದಳು. ವೃದ್ಧೆ ಇಬ್ಬರನ್ನೂ ಹೊರಗೆ ಅಟ್ಟಿದಳು. ಅವರು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ಸಂಜೆಯ ಬಿಸಿಲು ಇನ್ನೂ ಇತ್ತು.

"ನೀವು ಒಂದು ಮಾತು ಕೇಳಬಹುದಿತ್ತು," ಎಂದ ಅವನು.

"ನೀವು ಒಂದು ಮಾತು ಹೇಳಬಹುದಿತ್ತು."

"ಹೇಳೋಕೆ ಹೋದೆ. ನೀವು ಎದ್ದುಬಿಟ್ಟಿರಿ. ಆಮೇಲೆ... ವಿಧುರ, ಜೊತೆಗೆ ಅತ್ತೆ. ಇದನ್ನ ಯಾವ ಮುಖ ಇಟ್ಕೊಂಡು ಹೇಳೋದು ಅನ್ನಿಸ್ತು."

ಅವಳು ತನ್ನ ಅಂಗೈ ನೋಡಿಕೊಂಡಳು.

"ನಾನು ಬಂದ್ರೆ ಅಮ್ಮನೂ ಬರ್ತಾಳೆ. ಅವಳಿಗೆ ಎದ್ದು ನಡೆಯೋಕೂ ಆಗಲ್ಲ."

"ಗೊತ್ತು. ಅದಕ್ಕೇ ಮೆಟ್ಟಿಲು ಇಲ್ಲದ ಮನೆ ಹುಡುಕಬೇಕು. ನಾಳೆಯಿಂದ ನೋಡ್ಲಾ?"

ಇದಕ್ಕಿಂತ ಚೆಂದದ ಮಾತನ್ನು ಯಾರಾದರೂ ಯಾರಿಗಾದರೂ ಹೇಳಿರಬಹುದು. ಅವಳಿಗೆ ಬೇಕಿದ್ದದ್ದು ಇದೇ. ಹೂಂ ಎಂದು ತಲೆಯಾಡಿಸಿದಳು.

ಬಸ್ಸು ಬಂತು. ಅವಳನ್ನು ಮನೆವರೆಗೆ ಬಿಡಲು ಅವನೂ ಹತ್ತಿದ. ಕಿಟಕಿಯ ಬಳಿ ಅವಳಿಗೆ ಜಾಗ ಬಿಟ್ಟು ಪಕ್ಕದಲ್ಲಿ ಅವನು ಕೂತ. ಒಂದು ತಿರುವು ದಾಟುವಷ್ಟರಲ್ಲಿ ಅವಳ ಕಣ್ಣುಗಳು ಎಳೆಯತೊಡಗಿದವು. ವರ್ಷಗಳ ದಣಿವು ಒಂದೇ ಸಲ ಮೈಮೇಲೆ ಬಂದಂತಿತ್ತು.

"ನಿದ್ದೆ ಮಾಡು," ಎಂದ. ಮೊದಲ ಸಲ ಏಕವಚನ ಬಂದಿತ್ತು. ಅವನಿಗದು ತಿಳಿಯಲಿಲ್ಲ, ಅವಳಿಗೆ ತಿಳಿಯಿತು. "ಸ್ಟಾಪ್ ಬಂದಾಗ ಎಬ್ಬಿಸ್ತೀನಿ."

"ನನ್ನ ಸ್ಟಾಪ್ ಯಾವುದು ಅಂತ ಗೊತ್ತಾ ನಿನಗೆ?"

"ಇಲ್ಲ. ಹೇಳಿ ಮಲಗು."

ಹೇಳಿದಳು. ಹೇಳಿ, ಅವನ ಭುಜಕ್ಕೆ ತಲೆಯಾನಿಸಿದಳು.