ಪೂಜೆಗೆ ಕೂತ ಯುಕುಲೇಲೆ

“ಅಜ್ಜಿ, ನನ್ನ ಯುಕುಲೇಲೆ ಎಲ್ಲಿ?”

“ದೇವರ ಮನ್ಯಾಗ ನೋಡು. ಪೂಜಿಗಿ ಕುಂತೈತಿ,” ಎಂದಳು ಕಸ್ತೂರೆವ್ವಜ್ಜಿ.

ಶಾಂಭವಿ ಓಡಿದಳು. ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಇಟ್ಟ ಕುಡಗೋಲು, ಕೊಡಲಿ, ಅವ್ವನ ಹೊಲಿಗೆ ಕತ್ತರಿಗಳ ನಡುವೆ, ಪುಟ್ಟ ಗಿಟಾರಿನಂಥ ಅವಳ ನಾಲ್ಕು ತಂತಿಯ ಯುಕುಲೇಲೆಯೂ ಕೂತಿತ್ತು. ಮೈಗೆ ವಿಭೂತಿ, ಕುತ್ತಿಗೆಗೆ ಚೆಂಡುಹೂವಿನ ಮಾಲೆ.

“ನಾಳಿ ಸಂಜಿಕೆ ಪ್ರೋಗ್ರಾಮ್ ಐತಿ! ನಾ ಪ್ರಾಕ್ಟೀಸ್ ಮಾಡಬೇಕು.”

“ಪೂಜಿಗಿ ಇಟ್ಟಿದ್ದನ್ನ ಮುಟ್ಟಬಾರದವ್ವ. ನಾಳಿ ಬನ್ನಿ ಕೊಡೋ ಹೊತ್ತಿಗಿ ತಗೋ.”

“ಅಪ್ಪ ಬೈಕಿಗೂ ಪೂಜಿ ಮಾಡಿದ. ಆಮ್ಯಾಲೆ ಅದನ್ನ ಹತ್ತಿಕೊಂಡು ಹೋದನಲ್ಲ!”

“ಅದು ಬ್ಯಾರೆ,” ಎಂದು ಅಜ್ಜಿ ಬತ್ತಿ ಹೊಸೆಯತೊಡಗಿದಳು.

ಶಾಂಭವಿಗೆ ಅಳು ಬಂದಿತು. ಓಣಿಯ ಕಾರ್ಯಕ್ರಮದಲ್ಲಿ ಪಕ್ಕದ ಮನೆಯ ಶಾಹಬಾಜ ಹಾಡುತ್ತಾನೆ, ಅವಳು ನುಡಿಸುತ್ತಾಳೆ. ಹಾಡಿನ ನಡುವೆ ‘ರೋಲ್’ ಬರುತ್ತದೆ. ಕಿರುಬೆರಳಿನಿಂದ ಶುರುಮಾಡಿ, ಒಂದರ ಹಿಂದೆ ಒಂದು ಬೆರಳು ಬಿಚ್ಚುತ್ತ ತಂತಿಗಳ ಮೇಲೆ ಜಾರಬೇಕು. ಕೊನೆಗೆ ಅಂಗೈ ಊರಿ ‘ಟಕ್’ ಎಂದು ನಾದ ನಿಲ್ಲಿಸಬೇಕು. ಗದಗಿನ ನಂದೀಶ ಕಾಕಾ ವಿಡಿಯೋ ಕಾಲ್‌ನಲ್ಲಿ ಕಲಿಸಿದ್ದ. ಕಾಕಾ ಮಾಡಿದರೆ ಬೀಸಣಿಗೆ ಬಿಚ್ಚಿದಂತೆ. ಅವಳು ಮಾಡಿದರೆ ಬೆರಳು ತಂತಿಗೆ ಸಿಕ್ಕಿಕೊಳ್ಳುತ್ತಿತ್ತು.

ನಿನ್ನೆ ಓಣಿಯಲ್ಲಿ ತಾಲೀಮು ಮಾಡುವಾಗಲೂ ಹಾಗೇ ಆಯಿತು. ಶಾಹಬಾಜ ಅರ್ಧಕ್ಕೇ ನಿಂತ. “ಹಾಡು ಪಂಕ್ಚರ್!” ಎಂದು ಹುಡುಗರು ನಕ್ಕರು. ಅವನೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿದ್ದನ್ನು ಶಾಂಭವಿ ನೋಡಿದ್ದಳು. ಮನೆಗೆ ಬಂದವಳೇ ತೋರುಬೆರಳ ತುದಿ ಕೆಂಪಾಗಿ ಉರಿಯುವವರೆಗೂ ನುಡಿಸಿದ್ದಳು.

ಮಧ್ಯಾಹ್ನ ಅಜ್ಜಿ ಹೋಳಿಗೆಯನ್ನು ಮುರಿದು ಹಾಲಿನಲ್ಲಿ ಕಲಸಿ, ಚಮಚ ಇಟ್ಟು ಕೊಟ್ಟಳು.

“ನಾ ಏನ್ ಸಣ್ಣ ಕೂಸೇನು?”

“ಸುಮ್ನ ಉಣ್ಣು.”

ಊಟ ಮುಗಿಯುವಷ್ಟರಲ್ಲಿ ಶಾಹಬಾಜ ಬಂದ. ವಿಷಯ ಕೇಳಿ ಕಣ್ಣರಳಿಸಿದ. “ಅರೆ! ನಿನ್ನ ಯುಕುಲೇಲೆ ಆಶೀರ್ವಾದ ತಗೊಳ್ಳಾಕ ಹೋಗೈತೇನು?”

“ನಗಬ್ಯಾಡಲೇ. ಈಗೇನ್ ಮಾಡೂದು?”

ಅವನು ಅತ್ತಿತ್ತ ನೋಡಿ, ತಲೆದಿಂಬು ತಂದು ಅವಳ ತೊಡೆಯ ಮೇಲಿಟ್ಟ. “ಇದನ್ನ ಬಾರಿಸು. ನಾ ಹಾಡ್ತೀನಿ.”

ಮೊದಲು ಶಾಂಭವಿಗೆ ನಗು ಬಂದಿತು. ದಿಂಬಿನ ಮೇಲೆ ಬೆರಳು ಉರಿಯಲಿಲ್ಲ. ತಪ್ಪಿದರೆ ಕೇಳಿಸುವುದೂ ಇಲ್ಲ. ಬಿಗಿಹಿಡಿದ ಭುಜ ತಾನಾಗಿ ಇಳಿಯಿತು. ಕಿರುಬೆರಳು, ಅದರ ಹಿಂದೆ ಇನ್ನೊಂದು, ಮತ್ತೊಂದು. ಅಂಗೈ ಊರಿದಾಗ ದಿಂಬು ‘ಪುಸ್’ ಎಂದಿತು.

“ಇವತ್ತು ಒಂದೂ ತಪ್ಪಲಿಲ್ಲ ನೋಡು!” ಎಂದ ಶಾಹಬಾಜ.

“ದಿಂಬು ಎಲ್ಲರೆ ತಪ್ಪತೈತೇನು?”

ಇಬ್ಬರೂ ಬಿದ್ದುಬಿದ್ದು ನಕ್ಕರು. ಆಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದರು.

ಮರುದಿನ ಸಂಜೆ ಅಜ್ಜಿ ಮಾಲೆ ತೆಗೆದು, ವಿಭೂತಿ ಒರೆಸಿ, ಯುಕುಲೇಲೆಯನ್ನು ಅವಳ ಕೈಗಿಟ್ಟಳು. ಒಂದು ಸಲವಾದರೂ ನುಡಿಸಿ ನೋಡೋಣವೆಂದರೆ, ಅಷ್ಟರಲ್ಲೇ ಮೈಕಿನಲ್ಲಿ ಅವರ ಹೆಸರು ಕೂಗಿದರು.

ಶಾಹಬಾಜ ಹಾಡತೊಡಗಿದ. ಹಾಡಿನ ನಡುಭಾಗ ಹತ್ತಿರ ಬಂದಿತು. ಶಾಂಭವಿ ತೊಡೆಯ ಮೇಲಿರುವುದು ದಿಂಬು ಎಂದುಕೊಂಡು ಕೈ ಸಡಿಲ ಬಿಟ್ಟಳು.

ಝರ್ರ್... ಟಕ್!

ಶಾಹಬಾಜನ ದನಿ ನಿಲ್ಲಲಿಲ್ಲ. ಹಾಡುತ್ತಲೇ ಅವಳ ಕಡೆ ಹುಬ್ಬು ಹಾರಿಸಿದ. ಶಾಂಭವಿ ನಗುತ್ತ ಮುಂದಿನ ಸಾಲಿಗೆ ತಂತಿ ಮೀಟಿದಳು.

ಮನೆಗೆ ಬಂದು ಅಜ್ಜಿಯ ಕಾಲಿಗೆ ನಮಸ್ಕರಿಸಿ ಬನ್ನಿ ಎಲೆ ಕೊಟ್ಟಳು.

“ಬಂಗಾರದಂಗ ಇರವ್ವ,” ಎಂದ ಅಜ್ಜಿ ಅವಳ ಕೈ ಬಿಡಲಿಲ್ಲ. ದೀಪದ ಬೆಳಕಿಗೆ ಹಿಡಿದು, ತೋರುಬೆರಳನ್ನು ಹೊರಳಿಸಿ ನೋಡಿದಳು.

“ಕೆಂಪು ಇಳದೈತಿ,” ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಹೊರಗೆ ಅಪ್ಪ ಬೈಕ್ ಶುರುಮಾಡಿದ. ಅದರ ಹ್ಯಾಂಡಲ್‌ಗೆ ನಿನ್ನೆಯ ಮಾಲೆ ಇನ್ನೂ ಹಾಗೇ ಇತ್ತು. ಶಾಂಭವಿ ಬೈಕನ್ನು ನೋಡಿದಳು, ತನ್ನ ಬೆರಳನ್ನು ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು.

ಅಜ್ಜಿಯ ಮಗ್ಗುಲಿಗೆ ಇನ್ನಷ್ಟು ಸರಿದು ಕೂತಳು.